ರೇಡಿಯೇಟರ್ ತಣ್ಣಗಿತ್ತು

ಉಮರಗಾ, ನಿಲಂಗಾ, ಉದಗೀರ ಈ ಮೂರು ತಾಲೂಕಿನಲ್ಲಿ ಓಡುವ ಹನ್ನೆರಡು ಸಾವಿರ ಗಾಡಿಗಳಲ್ಲಿ ಯಾವುದರ ಎಂಜಿನ್ ಈಗ ಬಿಸಿಯಾಗುತ್ತಿದೆ, ಯಾವುದರ ಬೆಲ್ಟ್ ನಾಳೆ ಹರಿಯುತ್ತದೆ ಎಂಬುದು ನನಗೆ ದಾಳಿಂಬ ಎಂಬ ಊರಿನ ನನ್ನ ಮನೆಯ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿದಲ್ಲೇ ತಿಳಿಯುತ್ತದೆ. ಒಮ್ಮೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದರ ಸದ್ದನ್ನು ನಿದ್ದೆಯಲ್ಲಿ ಕೇಳಿ, ಅದರ ನಾಲ್ಕನೆಯ ಪಿಸ್ಟನ್ನಿನ ಆಯುಷ್ಯ ಇನ್ನು ಹನ್ನೊಂದು ಮೈಲು ಎಂದು ಹೇಳಿದ್ದೆ. ಹನ್ನೊಂದೂವರೆಗೆ ನಿಂತಿತು. ಆ ಅರ್ಧ ಮೈಲಿಗಾಗಿ ನನಗೆ ಇವತ್ತಿಗೂ ನಾಚಿಕೆ. ಇಂಥ ನಾನು, ಖಂಡೆಪ್ಪ, ನನ್ನದೇ ಕಾರಿನ ಬಿಸಿಯ ಮುಳ್ಳು ಕೆಂಪು ಗೆರೆಯ ಕಡೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರುವುದನ್ನು ಓರೆಗಣ್ಣಿನಿಂದ ನೋಡುತ್ತ, ಪಕ್ಕದಲ್ಲಿ ನಮ್ಮ ಮನೆತನದ ಪೂಜೆಗೆ ಬರುವ ಗುರುಸಿದ್ಧಯ್ಯನವರನ್ನೂ ಹಿಂದೆ ನನ್ನ ಹೆಂಡತಿ ಅನುಸೂಯಾಳನ್ನೂ ಕೂರಿಸಿಕೊಂಡು, ಸಾಸ್ತೂರ ದಾಟಿ ನಿಲಂಗಾದ ಕಡೆಗೆ ಹೋಗುತ್ತಿದ್ದೆ. ನಾವು ಮುಟ್ಟಬೇಕಾಗಿದ್ದು ಉದಗೀರದ ಮಠ. ಮುಳ್ಳಿಗೆ ಅಷ್ಟು ದೂರ ಹೋಗುವ ಮನಸ್ಸಿರಲಿಲ್ಲ.

"ಖಂಡೆಪ್ಪಾ, ಇದು ಏನಪಾ, ಕಾಲಿಗಿ ಬಿಸಿ ಗಾಳಿ ಬರ್ಲಿಕತ್ತದ," ಎಂದರು ಅಯ್ಯ.

ಹೊರಗೆ ತೊಗರಿ ಹೂ ಬಿಟ್ಟು ನಿಂತಿದ್ದ ಹೊಲಗಳ ಮೇಲೆ ಕಾರ್ತಿಕದ ಬಿಸಿಲು. ನಾನು ಹೀಟರನ್ನು ಪೂರ್ತಿ ತಿರುವಿ ಇಟ್ಟಿದ್ದೆ. ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನಾದರೂ ನಾವು ಮೂವರು ಹಂಚಿಕೊಂಡರೆ ಅದಕ್ಕೆ ಅಷ್ಟು ಹಗುರವಾದೀತು ಎಂಬ ಲೆಕ್ಕ. ಅಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು.

"ಅದು ಮೊಣಕಾಲಿಗಿ ಛಲೋ ರೀ ಅಯ್ಯಾವರ. ಸೊಲ್ಲಾಪುರದಾಗ ಡಾಕ್ಟರಗೋಳು ಇದರ ಮುಂದ ದಿನಾ ಒಂದ್ ತಾಸು ಕುಂಡ್ರಸ್ತಾರ."

"ನನ್ನ ಮೊಣಕಾಲಿಗಿ ಏನೂ ಆಗಿಲ್ಲಲ್ಲ."

"ಆಗಬಾರ್ದಂತೇ ಹಚ್ಚೀನಿ ರೀ."

ಕನ್ನಡಿಯಲ್ಲಿ ಅನುಸೂಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ತೊಡೆಯ ಮೇಲೆ ಮಠಕ್ಕೆ ಕೊಡಬೇಕೆಂದು ತಂದ ಹೊಸ ಕಂಬಳಿಯ ಮಡಿಕೆ. ಇಷ್ಟು ಸೆಕೆಯಲ್ಲಿ ಅದನ್ನು ಕೆಳಗಿಡಲೂ ಒಲ್ಲಳು, ಮಠದ್ದು ಕಾಲಿಗೆ ತಾಗಬಾರದೆಂದು. ಅವಳು ನಕ್ಕಳೋ, ಬೆವರೊರೆಸಿಕೊಂಡಳೋ ತಿಳಿಯಲಿಲ್ಲ. ಹದಿನೆಂಟು ವರ್ಷದಿಂದ ನನ್ನ ಮಾತು ಕೇಳುತ್ತ ಬಂದವಳ ಮುಖದಲ್ಲಿ ಈ ಎರಡಕ್ಕೂ ಹೆಚ್ಚು ವ್ಯತ್ಯಾಸ ಉಳಿದಿಲ್ಲ.

ಮೊನ್ನೆ ಭಾನುವಾರ ಈ ಕಾರಿಗೆ ನಾನು ಅಂಗಳದಲ್ಲಿ ಒಬ್ಬನೇ ಮಾಡಿದ ಕೆಲಸವನ್ನು ಪುಣೆಯ ಕಾರ್ಖಾನೆಯಲ್ಲಿ ನಲವತ್ತು ಜನ ಸೇರಿ, ಮೇಲೊಬ್ಬ ಸಾಹೇಬ ನಿಂತು, ಎರಡು ದಿನ ಮಾಡುತ್ತಾರೆ. ಎಂಜಿನ್ ತಣ್ಣಗಿರುವಾಗ ನೀರನ್ನು ತನ್ನೊಳಗೇ ಹಿಡಿದಿಟ್ಟು, ಕಾದ ಮೇಲೆ ಬಾಯಿ ತೆರೆದು ರೇಡಿಯೇಟರಿಗೆ ಬಿಡುವ ಒಂದು ವಾಲ್ವ್ ಇರುತ್ತದೆ, ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು. ನಮ್ಮದಕ್ಕೆ ತುಕ್ಕು ಹಿಡಿದಿತ್ತು. ಹೊಸದನ್ನು ಉಮರಗಾದಲ್ಲಿ ಗ್ಯಾರೇಜಿಟ್ಟಿರುವ ದಿಗಂಬರನಿಂದ ತಂದೆ. ಗಾಡಿ ಇಲ್ಲೇ ಬಿಟ್ಟು ಹೋಗ್ರಿ ಖಂಡೆಪ್ಪಣ್ಣಾ, ಅರ್ಧ ತಾಸಿನ ಕೆಲಸ ಅದ, ಎಂದಿದ್ದ ಅವನು. ನಿನಗ ಕಲಿಸಿಕೊಡ್ಲಿಕ್ಕಿ ನಾ ಬೇಕು, ನನ್ನ ಗಾಡಿ ನಿನ್ನ ಕೈಗಿ ಕೊಡಬೇಕಾ, ಎಂದಿದ್ದೆ ನಾನು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ವಾಲ್ವನ್ನೂ, ಮುಚ್ಚಳ ಎಂಜಿನ್ನಿಗೆ ಸೇರುವ ಕೂಡುಗೆರೆಯಲ್ಲಿ ನೀರು ಸೋರದಂತೆ ಇಡುವ ಕಾಗದದ ಗ್ಯಾಸ್ಕೆಟ್ಟನ್ನೂ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿ ಕೊಟ್ಟ. ಮನುಷ್ಯ ಸಿಟ್ಟಾಗದೆ ಇದ್ದರೆ ನನಗೆ ಬಹಳ ತೊಂದರೆ. ಅವನ ಎದುರು ನಿಂತಷ್ಟು ಹೊತ್ತೂ ನಾನಾಡಿದ ಮಾತು ಅವನಿಗೆ ತಾಗದೆ ಗೋಡೆಗೆ ಬಡಿದು ತಿರುಗಿ ನನ್ನ ಕಿವಿಗೇ ಬರುತ್ತದೆ.

ಹತ್ತಿರದ ಯೆಣೆಗೂರಿಗೆ ನಿನ್ನೆ ಗಾಡಿಯ ಪರೀಕ್ಷೆಗೆಂದು ಹೋದಾಗ ಇದೇ ಮುಳ್ಳು ಹೀಗೇ ಏರಿತ್ತು. ಧಾಬಾದ ಮುಂದೆ ಬಾನೆಟ್ಟಿನಿಂದ ಹಬೆ ಎದ್ದಿತು. ಚಹಾ ಕುಡಿಯುತ್ತಿದ್ದ ಏಳೆಂಟು ಜನ ಕಪ್ಪು ಹಿಡಿದುಕೊಂಡೇ ಬಂದು ಸುತ್ತ ನಿಂತರು. ಅಂದು ಬೆಳಿಗ್ಗೆಯೇ ಅವರಲ್ಲಿ ಇಬ್ಬರಿಗೆ ನನ್ನ ದುರಸ್ತಿಯ ಕಥೆಯನ್ನು ಪೂರ್ತಿ ಹೇಳಿದ್ದೆ. ಅವರ ಕಣ್ಣು ಎಂಜಿನ್ನಿನ ಮೇಲೆ ಇರಲಿಲ್ಲ, ನನ್ನ ಬಾಯಿಯ ಮೇಲಿತ್ತು. ಆ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು: ದಿಗಂಬರ ಕೊಟ್ಟ ವಾಲ್ವ್ ಖೊಟ್ಟಿ, ಅವನ ಅಂಗಡ್ಯಾಗಿನ ಸಾಮಾನೆಲ್ಲಾ ಖೊಟ್ಟಿ. ಎಷ್ಟು ಸಲೀಸಾಗಿ ಹೋಯಿತು ಆ ಮಾತು. ಜನ ತಲೆಯಾಡಿಸಿ ತಿರುಗಿ ಹೋಗಿ ಕುಳಿತರು. ಆ ಕ್ಷಣದಲ್ಲಿ ಎಂಥ ಆರಾಮ ಎನ್ನಿಸಿತ್ತೆಂದರೆ, ಹೆಗಲ ಮೇಲಿನ ಟಗರನ್ನು ಇಳಿಸಿದ ಹಾಗೆ. ಬೇರೆಯವನ ಹೆಗಲ ಮೇಲೆ ಇಳಿಸಿದ್ದೆ ಎಂಬುದು ಸಂಜೆ ಉಣ್ಣುವಾಗ ನೆನಪಾಗಿ, ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಯಲ್ಲೇ ಇಟ್ಟೆ.

ಮಾತು ನನಗಿಂತ ಮೊದಲೇ ಉಮರಗಾಕ್ಕೆ ಹೋಗಿತ್ತು. ಇವತ್ತು ಬೆಳಿಗ್ಗೆ ಅಲ್ಲಿ ಕಾರು ಹತ್ತುತ್ತಲೇ ಅಯ್ಯ ಕೇಳಿದ್ದರು: "ದಿಗಂಬರನ ಸಾಮಾನು ಖೊಟ್ಟಿ ಇರ್ತಾವಂತಲ್ಲ, ಖರೇ ಏನು?" ಉಮರಗಾದ ಶಾಲೆಯ ಎರಡು ಬಸ್ಸು, ಒಂದು ಜೀಪು ಉದಗೀರದ ಮಠಕ್ಕೆ ಸೇರಿದವು. ಅವುಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಮುದುಕ ಕೆಲಸ ಬಿಟ್ಟಿದ್ದ. ಆ ಕೆಲಸಕ್ಕೆ ದಿಗಂಬರನ ಹೆಸರನ್ನು ಹೇಳಿದವರು ಇದೇ ಗುರುಸಿದ್ಧಯ್ಯನವರು, ಇವತ್ತು ಸ್ವಾಮಿಗಳ ಮುಂದೆ ಹೂಂ ಅಥವಾ ಊಹೂಂ ಅನ್ನಬೇಕಾದವರೂ ಅವರೇ. ಎರಡು ವರ್ಷದಿಂದ ದಿಗಂಬರ ಅದರ ದಾರಿ ಕಾಯುತ್ತಿದ್ದಾನೆಂದು ಊರಿಗೆಲ್ಲ ಗೊತ್ತು. "ಸಣ್ಣ ಪೋರಗೋಳು ಕುಂಡ್ರೂ ಬಸ್ಸು ನೋಡಪಾ," ಎಂದರು ಅಯ್ಯ. "ಖೊಟ್ಟಿ ಸಾಮಾನು ಹಾಕಾಂವಗ ಹೆಂಗ ಕೊಡದು?" ನಾನು ಕೀಲಿ ತಿರುವಿದೆ. ಖರೇ ರೀ ಎಂದೆ. ಬಹಳ ಸಣ್ಣಗೆ ಎಂದೆ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ಸಾಸ್ತೂರದವರೆಗೂ ನನಗೆ ನಾನೇ ಹೇಳಿಕೊಂಡೆ. ಆದರೆ ಅಯ್ಯ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತ್ತು, ಅದೇ ಎಂಜಿನ್ನಿನ ಸದ್ದಿನಲ್ಲಿ.

ಮುಳ್ಳು ಕೆಂಪು ಗೆರೆಗೆ ತಾಗಿತು. ರಸ್ತೆಬದಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಬಾನೆಟ್ಟಿನ ಸಂದಿನಿಂದ ಹಬೆ ಬಂತು.

"ಯಾಕ್ ನಿಲ್ಲಿಸ್ದಿ?"

"ನೆರಳು ಛಲೋ ಅದ ರೀ ಅಯ್ಯಾವರ. ಇಷ್ಟು ಛಲೋ ನೆರಳು ಬೆಂಗಳೂರ ತನಾ ಹೋದ್ರೂ ಸಿಗಲ್ಲ."

"ಹೊಗಿ ಬರ್ಲಿಕತ್ತದ."

"ಎಂಜಿನ್ ಉಸಿರು ಬಿಡ್ಲಿಕತ್ತದ ರೀ. ನಾನೇ ಹಂಗ ಮಾಡಿ ಇಟ್ಟೀನಿ."

ಅಯ್ಯ ನನ್ನನ್ನು ನೋಡಿದರು. ಬಾಗಿಲು ತೆಗೆದು ಇಳಿದರು. ಅನುಸೂಯಾ ಕಂಬಳಿಯನ್ನು ಗಿಡದ ಬೊಡ್ಡೆಗೆ ಹಾಸಲು ಹೋದಳು, ಆಮೇಲೆ ಮಠದ್ದೆಂದು ನೆನಪಾಗಿ ತನ್ನ ಚೀಲದೊಳಗಿನ ಹಳೆಯ ಚಾದರ ಹಾಸಿದಳು. ನಾನು ಡಬ್ಬಿ ಹಿಡಿದು ದೂರದ ಬೋರಿನ ಕಡೆ ನಡೆದೆ. ನೀರು ಬೇಕಿತ್ತೆನ್ನುವುದು ನಿಜ, ಅದಕ್ಕಿಂತ ನಿಜವೆಂದರೆ ಅವರಿಬ್ಬರ ಮುಖ ನೋಡುವುದು ಬೇಡವಾಗಿತ್ತು. ಸೋಯಾ ಕೊಯ್ದ ಹೊಲದಲ್ಲಿ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬೋರಿನ ಪೈಪಿನ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ನಾನು ಕೇಳುವ ಮೊದಲೇ ತನ್ನ ಕೊಡ ಸರಿಸಿ ನನ್ನ ಡಬ್ಬಿಗೆ ಜಾಗ ಮಾಡಿಕೊಟ್ಟಳು, ಗಾಡಿ ಗರಮ್ ಆತೇನಪಾ ಎಂದಳು. ಹೂಂ ಅವ್ವಾ ಎಂದೆ. ಆ ದಿನ ನನ್ನ ಬಾಯಿಂದ ಬಂದ ಮೊದಲ ನಿಜ ಅದು. ಆಡಿ ನೋಡಿದರೆ ಏನೂ ಆಗಲಿಲ್ಲ, ನೀರು ತುಂಬುತ್ತಲೇ ಇತ್ತು. ಯಾವ ಊರು, ಯಾರ ಮಗ ಎಂದು ಕೇಳದೆ ನೀರು ಕೊಟ್ಟವಳ ಮುಂದೆ ನನಗೆ ಕಣ್ಣು ಒದ್ದೆಯಾದದ್ದು ಯಾಕೋ ಗೊತ್ತಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೊಮ್ಮೆ ನಮಸ್ಕಾರ ಮಾಡಿದೆ. ಹುಚ್ಚನೆಂದುಕೊಂಡಿರಬೇಕು.

ಕೂಡುಗೆರೆಯ ಮಾತನ್ನು ನಾನು ಈವರೆಗೆ ತಪ್ಪಿಸಿಕೊಂಡು ಬಂದಿದ್ದೇನೆ. ತುಂಬಿದ ಡಬ್ಬಿ ಹಿಡಿದು ಆ ಹೊಲದಲ್ಲಿ ನಡೆಯುವಾಗ ಮನಸ್ಸು ತಾನಾಗಿಯೇ ಭಾನುವಾರದ ಅಂಗಳಕ್ಕೆ ಹೋಯಿತು. ವಾಲ್ವ್ ಕೂರಿಸಿದೆ, ಗ್ಯಾಸ್ಕೆಟ್ ಇರಲಿಲ್ಲ. ಕೊಟ್ಟಿರಲಿಲ್ಲ ಎಂದಲ್ಲ, ಆ ಹೊತ್ತಿಗೆ ಅದು ಇರಲಿಲ್ಲ. ಉಮರಗಾಕ್ಕೆ ತಿರುಗಿ ಹೋಗಿ ಇನ್ನೊಂದು ಕೊಡಪ್ಪಾ ಎಂದು ದಿಗಂಬರನ ಮುಂದೆ ನಿಲ್ಲಬೇಕಿತ್ತು, ಅಷ್ಟೇ. ಆದರೆ ನಿನಗ ಕಲಿಸಿಕೊಡ್ಲಿಕ್ಕಿ ನಾ ಬೇಕು ಎಂದ ಬಾಯಿ ಅದು. ಪಡಸಾಲೆಯ ಮೂಲೆಯಲ್ಲಿ ಮಗ್ಗದ ಹತ್ತಿರ ಹುಣಸೆ ಬೀಜದ ಗಂಜಿಯ ಮಡಕೆ ಇತ್ತು. ಕಂಬಳಿಯ ನೂಲಿಗೆ ನಮ್ಮವರು ತಲೆತಲಾಂತರದಿಂದ ಹಚ್ಚುವ ಗಂಜಿ. ಒಣಗಿದರೆ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ, ಮಳೆ ನೀರು ಒಳಗಿಳಿಯುವುದಿಲ್ಲ. ನನ್ನಪ್ಪ ಅಂಬಣ್ಣ ಅಂಥ ಕಂಬಳಿ ಹೊದ್ದು ಮೂರು ಮಳೆಗಾಲ ಕುರಿಯ ಹಿಂದೆ ಬಯಲಲ್ಲಿ ಮಲಗಿದವನು. ಅಪ್ಪನನ್ನು ಕಾಯ್ದದ್ದು ಇಷ್ಟುದ್ದ ಎಂಜಿನ್ನನ್ನು ಕಾಯುವುದಿಲ್ಲವೇ ಎಂದುಕೊಂಡೆ. ಅನುಸೂಯಾ ನೂತಿಟ್ಟ ಕರಿ ಉಣ್ಣೆಯ ನೂಲನ್ನು ಗಂಜಿಯಲ್ಲಿ ಅದ್ದಿ ಅದ್ದಿ ಕೂಡುಗೆರೆಗೆ ಏಳು ಸುತ್ತು ಸುತ್ತಿದೆ, ಬೋಲ್ಟು ಬಿಗಿದೆ. ಒಂದು ಹನಿ ಸೋರಲಿಲ್ಲ. ಜಗತ್ತಿನಲ್ಲಿ ಇದನ್ನು ಕಂಡುಹಿಡಿದವನು ನಾನೊಬ್ಬನೇ ಎಂದು ಆಗ ಎದೆ ಉಬ್ಬಿತ್ತು. ಅದೊಂದು ಮಾತು ಉತ್ಪ್ರೇಕ್ಷೆಯಲ್ಲ ಎಂದು ಈಗಲೂ ಅನಿಸುತ್ತದೆ, ಬೇರೆ ಯಾರೂ ಇದನ್ನು ಮಾಡಿರಲಾರರು.

ತಿರುಗಿ ಬಂದಾಗ ಅನುಸೂಯಾ ಫೋನನ್ನು ಚೀಲಕ್ಕೆ ಹಾಕುತ್ತಿದ್ದಳು.

"ಯಾರಿಗಿ ಹಚ್ಚಿದ್ದಿ?"

"ದಿಗಂಬರಣ್ಣಗ. ಬರ್ತೀನಿ ಅಂದಾನ."

"ಅಂವಾ? ಅಂವಾ ಯಾಕ ಬರ್ತಾನ?"

"ಕರ್ದೀನಿ, ಬರ್ತಾನ," ಎಂದಳು ಅವಳು. ಅಯ್ಯನ ಕಡೆ ನೋಡಿ ದನಿ ಇಳಿಸಿದಳು. "ನಿಮ್ಮ ಹೆಸರ ಹೇಳ್ಲಿಲ್ಲ ರೀ ನಾ. ಗಾಡಿ ಗರಮ್ ಆಗಿ ನಿಂತದ, ಅಯ್ಯಾವರು ಬಿಸಲಾಗ ಕುಂತಾರ ಅಂದೆ."

ಒಂದು ತಾಸು ಅವನಿಗಾಗಿ ಕಾದೆವು. ಅವನು ಬರಬಾರದೆಂದು ಬೀರಪ್ಪನಿಗೆ ಹರಕೆ ಹೊತ್ತೆ, ಮುಂದಿನ ನಿಮಿಷದಲ್ಲಿ ಬರಲೆಂದು ಅದೇ ದೇವರಿಗೆ ಇನ್ನೊಂದು ಹರಕೆ ಹೊತ್ತೆ. ನಿಲಂಗಾ ಕಡೆಗೆ ಹೋಗುವ ಸರ್ಕಾರಿ ಬಸ್ಸೊಂದು ನಮ್ಮ ಮುಂದೆ ನಿಧಾನಿಸಿತು. ಅಯ್ಯ ಅದನ್ನು ಹತ್ತಿ ಹೋದರೆ ದಿಗಂಬರನ ಕೆಲಸ ಅಲ್ಲಿಗೆ ಮುಗಿಯಿತು, ನನ್ನ ಸುಳ್ಳು ಉದಗೀರದಲ್ಲಿ ಸ್ವಾಮಿಗಳ ಕಿವಿಗೆ ಬಿದ್ದು ನಿಜವಾಗಿ ಬಿಡುತ್ತದೆ. ಕೂಡ್ರಿ ಅಯ್ಯಾವರ, ಗಾಡಿ ಈಗ ತಯಾರಾಗ್ತದ ಎಂದು ಅವರ ಮುಂದೆ ಅಡ್ಡ ನಿಂತೆ. ಸುಳ್ಳನ್ನು ಉಳಿಸಲು ನಿಂತೆನೋ, ಅದು ಸಿಕ್ಕಿಬೀಳಲಿ ಎಂದು ನಿಂತೆನೋ, ಕೇಳಿದರೆ ಹೇಳಲಾರೆ. ಅವರು ಕುಳಿತರು. ಬಸ್ಸು ಹೋಯಿತು.

ದಿಗಂಬರ ಮೋಟಾರ್ ಸೈಕಲ್ಲಿನಲ್ಲಿ ಬಂದ. ತಲೆಗೆ ಟವೆಲು, ಮೈಯೆಲ್ಲ ಧೂಳು. ಮೊದಲು ಅಯ್ಯನ ಪಾದ ಮುಟ್ಟಿದ, ಆಮೇಲೆ "ಏನ್ ವೈನಿ, ನೀರ ಗೀರ ಕುಡದೀರಿಲ್ಲೋ" ಎಂದು ಅನುಸೂಯಾಳನ್ನು ಕೇಳಿದ, ಕೊನೆಗೆ ನನ್ನ ಕಡೆ ತಿರುಗಿದ. ಯೆಣೆಗೂರಿನ ಮಾತು ಅವನಿಗೆ ಗೊತ್ತಿತ್ತು. ಅವನ ಕಣ್ಣು ಒಂದು ಅರೆಕ್ಷಣ ನನ್ನ ಮೇಲೆ ಹೆಚ್ಚು ನಿಂತದ್ದರಿಂದಲೇ ಗೊತ್ತಾಯಿತು.

"ಗಾಡಿ ಏನ್ ಅಂತದ ಖಂಡೆಪ್ಪಣ್ಣಾ?"

"ಗರಮ್ ಆಗ್ಲಿಕತ್ತದ."

"ಎಷ್ಟು ದೂರಕ್ಕ?"

"ಯೆಣೆಗೂರಕ್ಕ ಹತ್ತು ಕಿಲೋಮೀಟರಿಗಿ ಆಗಿತ್ತು," ಎಂದೆ. ಯೆಣೆಗೂರು ಎಂಬ ಹೆಸರು ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವನು ಕೇಳಿಸಿಕೊಳ್ಳದವನ ಹಾಗೆ ಬಾನೆಟ್ ಎತ್ತಿದ.

ನಾನಾಗಿದ್ದರೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಸುತ್ತಲಿನವರಿಗೆ ಸುಮ್ಮನಿರಲು ಸನ್ನೆ ಮಾಡುತ್ತಿದ್ದೆ. ಅವನು ಅದೇನೂ ಮಾಡಲಿಲ್ಲ, ಆರಿದ್ದ ಎಂಜಿನ್ನನ್ನು ನಾಲ್ಕು ನಿಮಿಷ ಚಾಲೂ ಇಟ್ಟು ಮತ್ತೆ ಕಾಯಿಸಿದ. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಿಂದ ಮುಟ್ಟುತ್ತ ಬಂದ, ಮೇಕೆಯ ಕೆಚ್ಚಲು ಮುಟ್ಟಿ ನೋಡುವ ಹಾಗೆ. ರೇಡಿಯೇಟರಿನ ಮೇಲೆ ಅಂಗೈ ಇಟ್ಟ. ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟ.

"ತಣ್ಣಗದ ನೋಡ್ರಿ. ಎಂಜಿನ್ ಸುಡ್ಲಿಕತ್ತದ, ಇದು ತಣ್ಣಗದ. ಅಂದ್ರ ನೀರು ಇಲ್ಲಿ ತನಾ ಬರೋದೇ ಇಲ್ಲ. ವಾಲ್ವಿನ ಬಲ್ಲಿ ನಿಂತದ."

ಅವನ ಕೈ ನನ್ನ ಕೈಯ ಮೇಲೆ ಇನ್ನೂ ಇತ್ತು. ಎಣ್ಣೆ ಹಿಡಿದ, ಗಡುಸಾದ, ಸಿಟ್ಟಿಲ್ಲದ ಕೈ. ನಾನು ಬೈದವನ ಕೈ. ತೆಗೆದುಕೊಳ್ಳಬೇಕೆನಿಸಿತು, ತೆಗೆದುಕೊಳ್ಳಲಾಗಲಿಲ್ಲ.

"ವಾಲ್ವೇ ಅಂತೀ?" ಎಂದರು ಗಿಡದ ಕೆಳಗಿನಿಂದ ಅಯ್ಯ.

"ಹೌದ್ರೀ ಅಯ್ಯಾವರ. ಅಲ್ಲೇ ಏನೋ ಅದ."

ಎಂಜಿನ್ ತುಸು ಆರುವ ತನಕ ಕಾದು, ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದ. ನಾನು ಅವನ ಹೆಗಲ ಹಿಂದೆಯೇ ನಿಂತಿದ್ದೆ. ಗಂಜಿ ಬೇಯಿಸಿದ ಹಾಗೆ ಬೆಂದು, ಉಬ್ಬಿ, ಕಂದು ಬಣ್ಣದ ಗಸಿಯಾಗಿ ವಾಲ್ವಿನ ಬಾಯಿಗೆ ಮೆತ್ತಿಕೊಂಡಿತ್ತು. ಒಳಗೆ ಜಾರಿದ ಕರಿ ನೂಲು ಅದರ ಕಡ್ಡಿಗೆ ಸುತ್ತಿಕೊಂಡು ಬಿಗಿದಿತ್ತು, ಬಾಯಿ ತೆರೆಯಲು ಒದ್ದಾಡಿದಷ್ಟೂ ಬಿಗಿದಿರಬೇಕು. ದಿಗಂಬರ ಅದನ್ನು ಬಹಳ ಹೊತ್ತು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ. ಹೇಳಲು ಅವನಿಗೆ ಎಲ್ಲ ಹಕ್ಕೂ ಇತ್ತು, ಕೇಳಬೇಕಾದವರು ಹತ್ತು ಹೆಜ್ಜೆಯಲ್ಲಿ ಕುಳಿತಿದ್ದರು. ಅವನು ಬೆನ್ನನ್ನು ಅಯ್ಯನ ಕಡೆ ತಿರುಗಿಸಿ ಚಿಮಟದಿಂದ ನೂಲಿನ ತುದಿ ಹಿಡಿದ, ಅವಸರ ಮಾಡದೆ, ಸುತ್ತು ಸುತ್ತಾಗಿ ಬಿಡಿಸುತ್ತ ಹೊರಗೆ ತೆಗೆದ. ಅಪ್ಪ ಕುರಿಯ ಗೊರಸಿನೊಳಗಿಂದ ಮುಳ್ಳು ತೆಗೆಯುತ್ತಿದ್ದದ್ದು ಹೀಗೇ. ಕುರಿಯನ್ನು ತೊಡೆಯ ನಡುವೆ ಹಿಡಿದು, ಅದು ಬೆದರಬಾರದೆಂದು ಏನೋ ಬೇರೆ ಮಾತಾಡುತ್ತ. ತೆಗೆದ ಮುಳ್ಳನ್ನು ಕುರಿಗೆ ತೋರಿಸುತ್ತಿರಲಿಲ್ಲ. ದಿಗಂಬರ ಆ ನೂಲನ್ನು ಸುರುಳಿ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ನನ್ನ ಕಡೆ ನೋಡಲೂ ಇಲ್ಲ. ಆ ಹೊತ್ತಿಗೆ ನನ್ನೊಳಗೆ ಎದ್ದದ್ದು ಕೃತಜ್ಞತೆಯೇ ಇರಬೇಕು. ಅವನು ಕೇಳದಿದ್ದರೂ ನೀರಿನ ಡಬ್ಬಿಯನ್ನು ಅವನ ಹತ್ತಿರ ಸರಿಸಿದೆ.

ವಾಲ್ವ್ ತೊಳೆದು, ಎಂಜಿನ್ನಿನಿಂದ ತೆಗೆದ, ಇನ್ನೂ ಸುಡುತ್ತಿದ್ದ ನೀರನ್ನು ಡಬ್ಬಿಯ ಮುಚ್ಚಳದಲ್ಲಿ ಹಿಡಿದು ವಾಲ್ವನ್ನು ಅದರೊಳಗೆ ಬಿಟ್ಟ. ಅದು ನಿಧಾನವಾಗಿ ಬಾಯಿ ತೆರೆಯಿತು. ವಾಲ್ವಿಗೆ ಏನೂ ಆಗಿರಲಿಲ್ಲ. "ಬರೋಬರ್ ಅದ," ಎಂದ ತನ್ನಷ್ಟಕ್ಕೆ. ಕಿಸೆಯಿಂದ ಹೊಸ ಗ್ಯಾಸ್ಕೆಟ್ ತೆಗೆದ. ಮನೆಯಿಂದ ಹೊರಡುವಾಗಲೇ ತಂದಿದ್ದ, ಅಂದರೆ ಫೋನಿನಲ್ಲೇ ಅವನಿಗೆ ಅಂದಾಜಾಗಿತ್ತು. ಕೂರಿಸಿದ, ಬಿಗಿದ, ಮುದುಕಿಯ ಬೋರಿನ ನೀರು ಸುರಿದ. ಕಾರು ಚಾಲೂ ಮಾಡಿ, ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಹೋಗುವ ತನಕ ಮುಚ್ಚಳ ತೆರೆದಿಟ್ಟು ನಿಂತ. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ರೇಡಿಯೇಟರ್ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಬಿಸಿಯನ್ನು ಮುಟ್ಟಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಅಯ್ಯ ಎದ್ದು ಬಂದರು. "ಏನ್ ಆಗಿತ್ತಪಾ ದಿಗಂಬರ?"

"ನಂದೇ ಚೂಕ್ ರೀ ಅಯ್ಯಾವರ," ಎಂದ ದಿಗಂಬರ, ಕೈ ಒರೆಸಿಕೊಳ್ಳುತ್ತ. "ವಾಲ್ವ್ ಕೊಟ್ಟಾಗ ಗ್ಯಾಸ್ಕೆಟ್ ಕೊಡದು ಮರ್ತಿದ್ದೆ. ಈಗ ಬರೋಬರ್ ಆಗ್ಯಾದ."

ಅನುಸೂಯಾ ತಲೆ ಎತ್ತಿ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಅಯ್ಯ ಗಡ್ಡ ಸವರಿಕೊಂಡರು. "ನೀ ಒಪ್ಪಿಕೊಂಡಿ, ಛಲೋ ಆತು. ಆದ್ರ ಬಸ್ಸಿಗಿ ಬ್ರೇಕ್ ಹಾಕದು ಮರ್ತಿ ಅಂದ್ರ ಏನಪಾ ಮಾಡದು? ನಾ ಸ್ವಾಮಿಗೋಳಿಗಿ ಏನಂತ ಹೇಳ್ಲಿ?"

ದಿಗಂಬರ ಬೋಲ್ಟು ಬಿಚ್ಚುವ ಪಾನಾ ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದ. "ನಿಮಗ ತಿಳದಂಗ ಹೇಳ್ರಿ," ಎಂದ. ಎರಡು ವರ್ಷ ಕಾದವನ ದನಿ ಇಷ್ಟು ಸಾದಾ ಇರಬಾರದಿತ್ತು.

ಬಾನೆಟ್ಟಿನ ಮೇಲೆ ಅವನು ಕೈ ಒರೆಸಿದ ಅರಿವೆ ಉಳಿದಿತ್ತು. ಅಯ್ಯ ಅದನ್ನು ಕೊಡಲೆಂದು ಎತ್ತಿಕೊಂಡರು. ಎತ್ತಿಕೊಂಡವರು ನಿಂತರು. ಮೂಗಿನ ಹತ್ತಿರ ಹಿಡಿದು, ಇನ್ನೊಮ್ಮೆ ಹಿಡಿದು ನನ್ನ ಕಡೆ ತಿರುಗಿದರು.

"ಖಂಡೆಪ್ಪಾ, ನಿಮ್ಮ ಮನ್ಯಾಗ ಕಂಬಳಿ ಮ್ಯಾಲ ಕುಂತು ಮೂವತ್ತು ವರ್ಷ ಪೂಜಿ ಮಾಡೀನಿ. ಈ ವಾಸನಿ ನನಗ ಗೊತ್ತಾಗಲ್ಲೇನು? ಎಂಜಿನ್ನಿಗಿ ಕಂಬಳಿ ಹೊಚ್ಚಿದಂವಾ ಯಾರು?"

ನಾನು ಬಾಯಿ ತೆರೆದೆ. ಜಪಾನಿನಲ್ಲಿ ಈಗ ಉಣ್ಣೆಯ ಗ್ಯಾಸ್ಕೆಟ್ಟೇ ನಡೆಯುತ್ತಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿತ್ತು, ಇಸವಿ, ಊರು, ಎಂಜಿನಿಯರನ ಹೆಸರು ಸಮೇತ. ದಿಗಂಬರ ಬಗ್ಗಿ ಚೀಲದ ಹಗ್ಗ ಕಟ್ಟುತ್ತಿದ್ದ. ಅವನ ಕಿಸೆಯಿಂದ ಕರಿ ನೂಲಿನ ತುದಿ ಒಂದು ಬೆರಳಷ್ಟು ಹೊರಗೆ ಇಣುಕಿತ್ತು, ಅವನು ಅದನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದ. ಜಪಾನು ಹೊರಗೆ ಬರಲಿಲ್ಲ.

"ನಾನೇ ರೀ," ಎಂದೆ. "ಹುಣಸಿ ಬೀಜದ ಗಂಜಿ ಹಚ್ಚಿ ನೂಲು ಸುತ್ತೀನಿ. ಅಂವಾ ಗ್ಯಾಸ್ಕೆಟ್ ಕೊಟ್ಟಿದ್ದ. ಮರ್ತಿಲ್ಲ ಅಂವಾ."

"ಕೊಟ್ಟಿದ್ದು ಎಲ್ಲಿ ಹೋತು ಮತ್ತ?"

"ಕುರಿಮರಿ ತಿಂತು ರೀ."

ಅಯ್ಯ ಅರಿವೆಯನ್ನು ಬಾನೆಟ್ಟಿನ ಮೇಲೆ ಇಟ್ಟರು. "ಈಗಾದ್ರೂ ಖರೇ ಹೇಳಪಾ."

"ಇದು ಖರೇ ಅದ ರೀ ಅಯ್ಯಾವರ," ಎಂದಳು ಅನುಸೂಯಾ ಹಿಂದಿನಿಂದ. "ನಾ ನೋಡೀನಿ. ಪೇಪರ್ ಸಹಿತ ತಿಂತು. ಇವರ ಕಥಿಯಾಗ ಖರೇ ಇದ್ದದ್ದು ಅದೊಂದೇ ನೋಡ್ರಿ, ಅದನ್ನ ಯಾರೂ ನಂಬಾಂಗಿಲ್ಲ ಅಂತ ಯಾರ ಮುಂದೂ ಹೇಳಿಲ್ಲ."

ದಿಗಂಬರ ಮೊದಲ ಸಲ ನಕ್ಕ. ಬೆನ್ನು ತಿರುಗಿಸಿಕೊಂಡೇ ನಕ್ಕ, ಹೆಗಲು ಅಲುಗಿದ್ದರಿಂದ ತಿಳಿಯಿತು. ಅಯ್ಯನವರ ಮುಖ ಇನ್ನೂ ಸಡಿಲವಾಗಿರಲಿಲ್ಲ. ಅವರು ಕಾಯುತ್ತಿದ್ದರು. ಕಾಯ್ದರಲ್ಲ, ಉದಗೀರ ಮುಟ್ಟುವ ಮೊದಲು, ಈ ಗಿಡದ ಕೆಳಗೆ, ನಾನು ಹೇಳಿ ಮುಗಿಸಲೆಂದು ಸುಮ್ಮನೆ ನಿಂತರಲ್ಲ, ಅದಕ್ಕೆ ನಾನು ಬದುಕಿರುವ ತನಕ ಋಣಿ.

"ಯೆಣೆಗೂರದಾಗ ನಾ ಅಂದದ್ದು ಸುಳ್ಳು ರೀ," ಎಂದೆ. "ಮುಂಜಾನಿ ನಿಮಗ ಹೇಳಿದ್ದೂ ಸುಳ್ಳು. ನಾಚಿಕಿ ಆತು, ಅದಕ್ಕ ಅಂವನ ಹೆಸರ ಹೇಳ್ದೆ. ನನಗ ಎಂಜಿನ್ನಿನದು ಏನೂ ತಿಳ್ಯಾಂಗಿಲ್ಲ ರೀ ಅಯ್ಯಾವರ. ಬಾನೆಟ್ ತೆಗೀಲಿಕ್ಕಿ ಬರ್ತದ, ಅಷ್ಟೇ."

"ಸ್ವಾಮಿಗೋಳ ಮುಂದ ಏನಂತ ಹೇಳ್ಲಿ ನಾ?"

"ನೀವು ಹೇಳಬ್ಯಾಡ್ರಿ," ಎಂದೆ. "ನನ್ನ ಒಳಗ ಕರೀರಿ. ವಾಲ್ವ್ ಛಲೋ ಇತ್ತು, ಕೆಡಿಸಿದಂವಾ ನಾನು ಅಂತ ನಾನೇ ಹೇಳ್ತೀನಿ."